ಆ ನಾಲ್ಕು ದಿನದ ವಿಷಯ

ಪುಟ್ಟಾ,

ನಿನ್ನ ಪತ್ರ ಸಿಕ್ಕಿ ವಾರ ಆಯ್ತು, ಮೂರು ಸಲ ಓದಿದೆ. ಅಮ್ಮನ ಕಾಲುನೋವು, ಬಾಕಿಮಾರು ಗದ್ದೆಯ ಕತೆ, ಲೋನಿನ ವಿಷಯ ಎಲ್ಲ ನಮ್ಮೊಳಗೆ ಗೊತ್ತಿದ್ದದ್ದೇ, ಅದನ್ನ ನಾನು ಮತ್ತೆ ಎತ್ತುದಿಲ್ಲ. ಕೊನೆಗೆ ಒಂದು ಸಾಲು ಬರೆದು ಬಿಟ್ಟಿದ್ದಿಯಲ್ಲಾ, ಅದು ನಂಗೆ ನಿದ್ದೆ ಮಾಡ್ಲಿಕ್ಕೆ ಬಿಡ್ಲಿಲ್ಲ. ಮಳೆಗೆ ನಾಲ್ಕು ದಿನ ಸೂಪರ್‌ಮಾರ್ಕೆಟಿನ ವ್ಯಾನ್ ಬರ್ಲಿಲ್ಲ, ಕೊಯ್ದಿಟ್ಟ ಬೆಂಡೆ, ಮುಳ್ಳುಸೌತೆ ಚಾವಡಿಯಲ್ಲೇ ಕೊಳೆಯಿತು, ಅದೇ ನಾಲ್ಕು ದಿನ ಶಿರ್ವ ಪೇಟೆಯ ಅಂಗಡಿಯಲ್ಲಿ ತರಕಾರಿ ಇರ್ಲಿಲ್ಲ ಅಂತ. ಮತ್ತೆ ಕೇಳಿದ್ದಿ, "ದೊಡ್ಡಮ್ಮ, ನಾಲ್ಕು ದಿನ ಬಿಡಿ, ಒಂದು ತಿಂಗಳು ಹೀಗಾದ್ರೆ ನಾವು ಉಣ್ಣುದೆಂತ?"

ಮೊದಲು ಓದಿದಾಗ ನಿನ್ನನ್ನ ಬೈಬೇಕು ಅಂತಾನೇ ಅನಿಸಿತು. ಪೇಟೆ ಎರಡು ಕಿಲೋಮೀಟರ್ ಇಲ್ಲ, ಸ್ಕೂಟರಿನಲ್ಲಿ ಇಟ್ಕೊಂಡು ಹೋಗಿ ಕೊಡ್ಬಹುದಿತ್ತಲ್ಲ ಅಂತ. ಮತ್ತೆ ಓದುವಾಗ ಗೊತ್ತಾಯ್ತು, ಅವರು ದಿನಾ ಸಂಜೆ ಫೋನ್ ಮಾಡಿ ನಾಳೆ ಗಾಡಿ ಬರ್ತದೆ, ಮಾಲು ರೆಡಿ ಇಡಿ, ಬೇರೆಯವರಿಗೆ ಕೊಡ್ಬೇಡಿ ಅಂತ ಹೇಳ್ತಿದ್ರು, ನೀನು ನಂಬಿ ಕಾದದ್ದು. ಅಂಗಡಿಯವರು ಸಮೇತ ಅವರ ಏಜೆಂಟ್‌ನ ಲಾರಿ ಹಾಸನದಿಂದ ಬರ್ತದೆ ಅಂತ ಕಾದು ಕೂತದ್ದು. ಎರಡು ಕಡೆಯವರೂ ಕಾಯ್ತಾ ಇದ್ದದ್ದು ಗಾಡಿಯನ್ನೇ. ನಿನ್ನ ಬೆಂಡೆಗೂ ಆ ಅಂಗಡಿಗೂ ನಡುವೆ ದಾರಿ ಇತ್ತು, ಆದ್ರೆ ವ್ಯವಹಾರ ಇರ್ಲಿಲ್ಲ. ಇದು ನೆನಪಾದ್ರೆ ಹೊಟ್ಟೆಯೊಳಗೆ ಎಂತದ್ದೋ ಆಗ್ತದೆ ನಂಗೆ.

ಹಾಗೆಲ್ಲ ಆಗುದಿಲ್ಲ ಮಗಾ, ಈಗ ಎಲ್ಲ ಸಿಗ್ತದೆ ಅಂತ ಬರೆದು ನಿನ್ನನ್ನ ಸಮಾಧಾನ ಮಾಡ್ಬೇಕು ಅಂತ ಪೆನ್ನು ಹಿಡಿದೆ, ಆಗ್ಲಿಲ್ಲ. ಯಾಕೆಂದ್ರೆ ನಾನು ನೋಡಿದ್ದೇನೆ. 2018ರ ಆಗಸ್ಟಲ್ಲಿ ಶಿರಾಡಿ ಘಾಟಿ ಬಂದ್, ಸಂಪಾಜೆ ಕಡೆ ಗುಡ್ಡವೇ ಜಾರಿ ಬಂತು, ಸಕಲೇಶಪುರ ಸುಬ್ರಹ್ಮಣ್ಯ ನಡುವಿನ ರೈಲು ಹಳಿ ಮೇಲೂ ಮಣ್ಣು. ಆವಾಗ ನಮ್ಮ ಅಂಗಡಿ ಇನ್ನೂ ಇತ್ತು ಕಂಕನಾಡಿಯಲ್ಲಿ. ಮೂರು ದಿನ ನಮ್ಮ ಏಜೆಂಟ್‌ನ ಗಾಡಿ ಇಲ್ಲ. ದೊಡ್ಡಪ್ಪ ಬೆಳಿಗ್ಗೆ ನಾಲ್ಕಕ್ಕೆ ಸೆಂಟ್ರಲ್ ಮಾರ್ಕೆಟಿಗೆ ಹೋಗಿ ಎರಡು ಗೋಣಿ ಆಲೂಗಡ್ಡೆ ಹಿಡ್ಕೊಂಡು ಬಂದ್ರು, ಅಷ್ಟೇ. ಖಾಲಿ ಕ್ರೇಟುಗಳನ್ನ ಒಂದರ ಮೇಲೊಂದು ಇಟ್ಟು ನಾನು ಗಲ್ಲಾದ ಹತ್ರ ಕೂತದ್ದು ಈಗ್ಲೂ ಕಣ್ಣಿಗೆ ಕಟ್ತದೆ. ಎದುರಿನ ಸೂಪರ್‌ಮಾರ್ಕೆಟಲ್ಲೂ ಎಂತ ಇರ್ಲಿಲ್ಲ, ಅಲ್ಲಿ ಏಸಿ ಮಾತ್ರ ನಡೀತಿತ್ತು. 2024ರ ಜುಲೈಯಲ್ಲಿ ಶಿರಾಡಿ ಮತ್ತೆ ಕುಸಿದಾಗ ಅಂಗಡಿ ಇರ್ಲಿಲ್ಲ, ಟಿವಿಯಲ್ಲಿ ಲಾರಿಗಳ ಸಾಲು ನೋಡಿ ಎದೆ ಧಸಕ್ಕೆಂತು. ನಮ್ಮ ಜಿಲ್ಲೆಯ ಹೊಟ್ಟೆ ಘಟ್ಟದ ನಾಲ್ಕು ರಸ್ತೆಯ ಮೇಲೆ ನಿಂತದೆ, ಇದನ್ನ ಯಾರೂ ಜೋರಾಗಿ ಹೇಳುದಿಲ್ಲ.

ಒಂದು ತಿಂಗಳು ಅಂತ ಕೇಳಿದ್ದಿ ನೀನು. ನಾನು ಮೂರು ದಿನಕ್ಕೇ ಹೆದರಿದವಳು.

ಆ ಮೂರು ದಿನ ನಂಗೆ ನೆನಪಾದದ್ದು ಒಬ್ಬ ಹೆಂಗಸು. ಇದನ್ನ ಮನೆಯಲ್ಲಿ ಯಾರಿಗೂ ಹೇಳಿದ್ದಿಲ್ಲ, ನಿನ್ನ ದೊಡ್ಡಪ್ಪನಿಗೂ ಸರಿಯಾಗಿ ಗೊತ್ತಿಲ್ಲ. ನಾವು ಅಂಗಡಿ ಇಟ್ಟ ಹೊಸತರಲ್ಲಿ ಕಿನ್ನಿಗೋಳಿ ಕಡೆಯಿಂದ ಒಬ್ರು ಬರ್ತಿದ್ರು. ನನಗಿಂತ ದೊಡ್ಡವರು. ತಲೆ ಮೇಲೆ ದೊಡ್ಡ ಬುಟ್ಟಿ, ಅದರಲ್ಲಿ ಹರಿವೆ, ಬಸಳೆ, ಊರ ಬೆಂಡೆ, ಬೇಸಗೆಯಲ್ಲಿ ಸೌತೆ. ಹರಿವೆಯ ಕಟ್ಟು ಬಾಳೆನಾರಿನಲ್ಲಿ ಕಟ್ಟಿ, ಬೇರಿನ ಮಣ್ಣು ತೊಳೆದು, ಮೇಲೆ ಒದ್ದೆ ಬಾಳೆಲೆ ಮುಚ್ಚಿ ತರ್ತಿದ್ರು. ಸಂಜೆ ಸ್ಟೇಟ್‌ಬ್ಯಾಂಕಿಂದ ಅವರ ಬಸ್ಸು. ನಾನು ಎಂತ ಮಾಡ್ತಿದ್ದೆ ಗೊತ್ತುಂಟಾ, ಅವರು ಬಂದ ಕೂಡ್ಲೆ ರೇಟ್ ಹೇಳ್ತಿರ್ಲಿಲ್ಲ. ಕೂತ್ಕೊಳ್ಳಿ ಅಕ್ಕ, ನೀರು ಬೇಕಾ ಅಂತ ಕೇಳ್ತಿದ್ದೆ. ಗಿರಾಕಿ ಇದ್ದಾರೆ, ಸ್ವಲ್ಪ ಇರಿ ಅಂತಿದ್ದೆ. ಅವರು ಗಡಿಯಾರ ನೋಡ್ಲಿಕ್ಕೆ ಶುರು ಮಾಡಿದ ಮೇಲೆ ರೇಟ್ ಹೇಳ್ತಿದ್ದೆ. ವಾಪಸ್ ಹೊತ್ತುಕೊಂಡು ಹೋದ್ರೆ ಮರುದಿನ ಹರಿವೆ ಬಾಡಿ ಬೀಳ್ತದೆ, ಅದು ಅವರಿಗೂ ಗೊತ್ತು, ನಂಗೂ ಗೊತ್ತು. ಹೇಳಿದ ರೇಟಿಗೆ ಕೊಟ್ಟು ಹೋಗ್ತಿದ್ರು. ಒಂದು ದಿನವೂ ಜಗಳ ಮಾಡಿದವರಲ್ಲ. ನಾನು ಅದನ್ನ ವ್ಯಾಪಾರ ಅಂತ ತಿಳ್ಕೊಂಡಿದ್ದೆ, ಜಾಣತನ ಅಂತ ಸಮೇತ ತಿಳ್ಕೊಂಡಿದ್ದೆ.

ಆಮೇಲೆ ನಮ್ಮ ಏಜೆಂಟ್ ಹೇಳಿದ, ಎಲ್ಲ ಮಾಲು ನನ್ನತ್ರವೇ ತಗೊಳ್ಳುದಾದ್ರೆ ಸಾಲಕ್ಕೆ ಕೊಡ್ತೇನೆ, ಅಲ್ಲಿ ಇಲ್ಲಿ ತಗೊಳ್ಳುದಾದ್ರೆ ರೊಕ್ಕ ಇಡಿ ಅಂತ. ಹಾಗೆ ಅಕ್ಕನಿಗೆ ಇನ್ನು ತರ್ಬೇಡಿ ಅಂತ ಹೇಳಿದೆ. ಅವರು ಬುಟ್ಟಿ ಎತ್ತಿ ತಲೆ ಮೇಲೆ ಇಟ್ಕೊಂಡ್ರು, ಆಯ್ತು ಅಂತ ಹೋದ್ರು. ಅವರ ಹೆಸರೂ ಕೇಳಿದವಳಲ್ಲ ನಾನು, ಇಷ್ಟು ವರ್ಷ ಅಕ್ಕ ಅಕ್ಕ ಅಂತ ಕರೆದು. 2018ರಲ್ಲಿ ಖಾಲಿ ಕ್ರೇಟಿನ ಹತ್ರ ಕೂತಾಗ, ಅವರು ಇದ್ದಿದ್ರೆ ಈ ಮಳೆಯಲ್ಲೂ ಕಿನ್ನಿಗೋಳಿ ಬಸ್ಸಲ್ಲಿ ಬರ್ತಿದ್ರು ಅಂತ ಅನಿಸಿತು, ಕಿನ್ನಿಗೋಳಿಗೆ ಯಾವ ಘಟ್ಟ ಉಂಟು ಹೇಳು.

ಆದ್ದರಿಂದ ಸೂಪರ್‌ಮಾರ್ಕೆಟಿನವರನ್ನ ಬೈಯುವಾಗ ನನ್ನ ಬಾಯಿ ಸ್ವಲ್ಪ ಕಟ್ತದೆ. ಅವರು ಮಾಡುದೂ ಅದೇ, ಗಡಿಯಾರ ದೊಡ್ಡದು ಅಷ್ಟೇ. ಕೊಯ್ದ ಮೇಲೆ ರೇಟ್ ಹೇಳುದು, ಬೆರಳುದ್ದ ಇಲ್ಲದ ಬೆಂಡೆ ರಿಜೆಕ್ಟ್, ಡೊಂಕು ಇದ್ರೆ ರಿಜೆಕ್ಟ್. ನೂರು ಕೆಜಿಯಲ್ಲಿ ಮೂವತ್ತು ಕೆಜಿ ವಾಪಸ್ ಬರ್ತದೆ ಅಂತ ಬರೆದಿದ್ದಿ, ಆ ಮೂವತ್ತು ಕೆಜಿಗೂ ನೀರು ಗೊಬ್ಬರ ಹಾಕಿದ್ದು ನೀನೇ. ರಿಸರ್ವ್ ಬ್ಯಾಂಕಿನಲ್ಲಿ 2024ರಲ್ಲಿ ಲೆಕ್ಕ ಮಾಡಿದ್ದಾರಂತೆ ಅಂತ ಪೇಪರಲ್ಲಿ ಓದಿದ್ದೆ, ನಾವು ಟೊಮೆಟೊಗೆ 100 ರೂಪಾಯಿ ಕೊಟ್ರೆ ಬೆಳೆದವನ ಕೈಗೆ ಹೋಗುದು ಸುಮಾರು 33 ಮಾತ್ರ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಓದಿ ಪೇಪರ್ ಮಡಚಿಟ್ಟೆ. ಅಕ್ಕನಿಗೆ ನಾನು ಎಷ್ಟು ಕೊಟ್ಟಿರಬಹುದು ಅಂತ ಲೆಕ್ಕ ಹಾಕ್ಲಿಕ್ಕೆ ಧೈರ್ಯ ಬರ್ಲಿಲ್ಲ.

ನೋಡು, ಎಲ್ಲಿಂದ ಎಲ್ಲಿಗೋ ಹೋದೆ. ಉಣ್ಣುದೆಂತ ಅಂತ ಕೇಳಿದ್ದಿ.

ನನಗೆ ಹತ್ತು ವರ್ಷ ಇರುವಾಗ, 1965ರಲ್ಲಿ, ಸೋಮವಾರ ರಾತ್ರಿ ಊಟ ಬಿಡಿ ಅಂತ ಪ್ರಧಾನಿ ಶಾಸ್ತ್ರಿಗಳು ದೇಶಕ್ಕೆಲ್ಲ ಹೇಳಿದ್ರು. ನಮ್ಮ ಅಜ್ಜಿ ಅದಕ್ಕೆ, ಆಟಿ ತಿಂಗಳ ಮಳೆಯಲ್ಲಿ ನಮ್ಮದು ಏಳು ದಿನವೂ ಸೋಮವಾರವೇ ಅಂತ ಹೇಳಿದ್ರಂತೆ. ಹಳೇ ಕಾಲ ಚಂದ ಇತ್ತು ಅಂತ ಹೇಳ್ಲಿಕ್ಕೆ ನಾನು ಇದನ್ನ ಬರೆಯುದಲ್ಲ, ಧಣಿಗೆ ಗೇಣಿಯ ಅಕ್ಕಿ ಮುಡಿ ಅಳೆದು ಕೊಟ್ಟ ಮೇಲೆ ಮನೆಯಲ್ಲಿ ಉಳಿಯುದು ಎಷ್ಟು ಅಂತ ನಿಂಗೆ ಯಾರೂ ಹೇಳಿರ್ಲಿಕ್ಕಿಲ್ಲ. ಹಸಿವು ಇತ್ತು. ಗಂಜಿ ತೆಳ್ಳಗೆ ಇತ್ತು. ಆದ್ರೆ ಗಂಜಿಯ ಬದಿಗೆ ಯಾವಾಗ್ಲೂ ಎಂತಾದ್ರೂ ಇತ್ತು. ತಜಂಕಿನ ಸೊಪ್ಪಿನ ಪಲ್ಯ, ಕೆಸುವಿನ ಪತ್ರೊಡೆ, ಎಳೆ ಬಿದಿರಿನ ಕಣಿಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಬೇಯಿಸಿ ಒಣಗಿಸಿದ ಹಲಸಿನ ಬೀಜ, ಒಣಮೀನು. ಮತ್ತೆ ಅಟ್ಟದಲ್ಲಿ ಸೌತೆ. ಕೊಳಕೆ ಗದ್ದೆಯಲ್ಲಿ ಬೇಸಗೆಗೆ ಬೆಳೆದದ್ದನ್ನ ಒಂದೊಂದಾಗಿ ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಮರದ ಪಕ್ಕಾಸಿಗೆ ನೇತು ಹಾಕ್ತಿದ್ರು ಅಜ್ಜಿ, ಒಂದಕ್ಕೊಂದು ತಾಗ್ಲಿಕ್ಕೆ ಆಗ್ಬಾರ್ದು, ತಾಗಿದ್ರೆ ಅಲ್ಲಿಂದಲೇ ಕೊಳೀತದೆ. ರಾತ್ರಿ ದೀಪ ಹಿಡಿದು ಅಟ್ಟಕ್ಕೆ ಹೋದ್ರೆ ತಲೆ ಮೇಲೆ ಹಳದಿ ಹಳದಿ ಸೌತೆ, ಹೊರಗೆ ಮಳೆ. ಆಟಿ ಮುಗಿದು ಸೋಣ ತಿಂಗಳು ಬಂದ್ರೂ ಒಂದೆರಡು ಉಳೀತಿತ್ತು. ಆ ಸೌತೆಗೆ ಯಾವ ವ್ಯಾನೂ ಬೇಡ, ಕರೆಂಟೂ ಬೇಡ.

ಅದನ್ನೆಲ್ಲ ಬಿಡಿಸಿದ್ದೂ ನಾನೇ ಅಂತ ಹೇಳ್ಬೇಕು. ಮದುವೆಯಾಗಿ ಪೇಟೆಗೆ ಬಂದ ಮೇಲೆ ಊರಿಗೆ ಹೋದಾಗೆಲ್ಲ ನಿನ್ನ ಅಮ್ಮನ ಹತ್ರ, ಯಾಕೆ ಇಷ್ಟು ಕಷ್ಟ, ಎಲ್ಲ ಅಂಗಡಿಯಲ್ಲಿ ಸಿಗ್ತದಲ್ಲಾ, ಗದ್ದೆಗೆ ಆಳು ಸಿಗುದಿಲ್ಲ, ಅಡಿಕೆ ಹಾಕಿ ಬಿಡಿ ಅಂತ ಹೇಳಿದವಳು. ಅಂಗಡಿ ಇಟ್ಟವಳ ಮಾತು ಅಂತ ಅವಳು ನಂಬಿದ್ಲು.

ಎಲ್ಲ ಸಿಗ್ತದೆ ಅಂತ ಹೇಳುದು ಎಷ್ಟು ಸುಳ್ಳು ಅಂತ 2023ರಲ್ಲಿ ಗೊತ್ತಾಯ್ತು. ನಮ್ಮ ರಾಜ್ಯ ಸರ್ಕಾರ ಅನ್ನಭಾಗ್ಯಕ್ಕೆ ಹೆಚ್ಚಿನ 5 ಕೆಜಿ ಅಕ್ಕಿ ಕೊಡ್ತೇವೆ ಅಂತ ಹೇಳಿತ್ತು, ಕೇಂದ್ರದವರು ರಾಜ್ಯಗಳಿಗೆ ಅಕ್ಕಿ ಮಾರುದು ನಿಲ್ಲಿಸಿದ್ರು, ಕಡೆಗೆ ಕೆಜಿಗೆ 34ರ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಅಕೌಂಟಿಗೆ ಹಾಕಿದ್ರು. ಸರ್ಕಾರಕ್ಕೇ ದುಡ್ಡು ಹಿಡ್ಕೊಂಡು ಅಕ್ಕಿ ಸಿಗ್ಲಿಲ್ಲ ಅಂದ್ರೆ ನಮ್ಮ ನಿಮ್ಮ ಪಾಡೆಂತ. ಅದೇ ವರ್ಷ ಫೆಬ್ರವರಿಯಲ್ಲಿ ನಿನ್ನ ಅಕ್ಕ ಲಂಡನ್ನಿಂದ ಫೋಟೋ ಕಳಿಸಿದ್ಲು, ಸೂಪರ್‌ಮಾರ್ಕೆಟಿನ ಟೊಮೆಟೊ ಶೆಲ್ಫ್ ಖಾಲಿ, ಒಬ್ಬರಿಗೆ ಮೂರೇ ಅಂತ ಬೋರ್ಡು. ಸ್ಪೇನ್, ಮೊರಾಕೊದಲ್ಲಿ ಹವೆ ಕೆಟ್ಟಿತ್ತಂತೆ, ಚಳಿಗಾಲದ ಟೊಮೆಟೊ ಅಲ್ಲಿಂದಲೇ ಬರುದಂತೆ ಅವರಿಗೆ. ಅವರ ಊರಿನ ರೈತರು ಗ್ಲಾಸ್‌ಹೌಸ್ ಬಿಸಿ ಮಾಡುವ ಖರ್ಚು ಹುಟ್ಟುದಿಲ್ಲ ಅಂತ ನೆಡದೇ ಬಿಟ್ಟಿದ್ರಂತೆ. ಅಷ್ಟು ಶ್ರೀಮಂತ ದೇಶ. ಅವಳು ನಗಾಡಿಕೊಂಡು ಕಳಿಸಿದ್ದು, ನಂಗೆ ಕಂಡದ್ದು ನನ್ನ ಖಾಲಿ ಕ್ರೇಟು.

ಈಗ ನಿಂಗೆ ಎಂತ ಹೇಳ್ಲಿ ನಾನು. ಬುದ್ಧಿ ಹೇಳ್ಲಿಕ್ಕೆ ನಂಗೆ ಯೋಗ್ಯತೆ ಉಂಟಾ ಅಂತಾನೂ ಗೊತ್ತಿಲ್ಲ, ಲೋನಿನ ಕಂತು ಕಟ್ಟುದು ನೀನು, ನಾನಲ್ಲ. ವ್ಯಾನಿಗೆ ಕೊಡ್ಲೇಬೇಡ ಅಂತ ಹೇಳುದಿಲ್ಲ, ಅವರ ದುಡ್ಡು ಬ್ಯಾಂಕಿಗೆ ಸರಿಯಾಗಿ ಬೀಳ್ತದೆ ಅಂತ ನೀನೇ ಬರೆದಿದ್ದಿ, ಅದು ಸಣ್ಣ ವಿಷಯ ಅಲ್ಲ, ನಾನು ಅಕ್ಕನಿಗೆ ಎಷ್ಟು ಸಲ ನಾಳೆ ಕೊಡ್ತೇನೆ ಅಂತ ಹೇಳಿದ್ದೆ. ಆದ್ರೆ ಅವರು ರೇಟ್ ಹೇಳದೆ ನೀನು ಕೊಯ್ಬೇಡ. ಬೆಂಡೆ ಎರಡು ದಿನ ಬಿಟ್ರೆ ನಾರು ಆಗ್ತದೆ, ಗೊತ್ತುಂಟು, ಆದ್ರೂ ಹಿಂದಿನ ದಿನ ಸಂಜೆ ಫೋನಿನಲ್ಲಿ ಕೇಳುವಾಗ ಮಾಲು ಎಷ್ಟು ಅಂತ ಮಾತ್ರ ಹೇಳ್ಬೇಡ, ನಾಳೆ ಎಷ್ಟಕ್ಕೆ ಅಂತ ಕೇಳು, ಮೆಸೇಜ್ ಹಾಕಿ ಅಂತ ಹೇಳು. ಹಾಕ್ಲಿಕ್ಕಿಲ್ಲ ಅವರು. ಆದ್ರೂ ಕೇಳು.

ಮತ್ತೆ ಶಿರ್ವದ ಆ ಎರಡು ಅಂಗಡಿಯವರನ್ನ ಒಮ್ಮೆ ಹೋಗಿ ಮಾತಾಡಿಸು ಮಾರಾಯ. ದಿನಾ ಹತ್ತು ಕೆಜಿ, ಐದು ಕೆಜಿ, ಎಷ್ಟಾದ್ರೂ ಸರಿ, ವ್ಯಾನ್ ಬರುವ ದಿನವೂ ಅವರಿಗೆ ಕೊಡು. ವ್ಯಾನ್ ಬಾರದ ದಿನ ಮಾತ್ರ ಹೋದ್ರೆ ಅವರು ನಿನ್ನತ್ರ ನನ್ನ ಹಾಗೆ ಮಾಡ್ತಾರೆ. ಹೋಟೆಲಿನವರು, ದೇವಸ್ಥಾನದ ಊಟದವರು ತಗೊಳ್ತಾರಾ ಕೇಳು, ನಂಗೆ ಅಲ್ಲಿಯ ಈಗಿನ ಜನ ಗೊತ್ತಿಲ್ಲ, ಕ್ಷಮಿಸು.

ಒಬ್ಬನೇ ಇರ್ಬೇಡ ಅಂತ ಇನ್ನೊಂದು. 1973ರಲ್ಲಿ ಅಡಿಕೆಗೆ ಕೇಳುವವರಿಲ್ಲದಾಗ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನ ಸೇರಿಸಿ ಕ್ಯಾಂಪ್ಕೋ ಸಹಕಾರಿ ಸಂಘ ಕಟ್ಟಿದ್ದು ನಂಗೆ ನೆನಪುಂಟು, ಆವಾಗ ಎಲ್ಲರ ಬಾಯಲ್ಲೂ ಅದೇ ಮಾತು. ಅಡಿಕೆ ಒಣಗಿಸಿ ಇಡ್ಲಿಕ್ಕೆ ಆಗ್ತದೆ, ರೇಟ್ ಬರುವವರೆಗೆ ಕಾಯ್ಬಹುದು, ಹರಿವೆ ಕಾಯುದಿಲ್ಲ, ಅದು ನಂಗೂ ಗೊತ್ತುಂಟು. ಆದ್ರೆ ನಿಮ್ಮ ಹತ್ರದ ಮಟ್ಟುವಿನವರನ್ನೇ ನೋಡು, ಗುಳ್ಳ ಬದನೆಗೆ 2011ರಲ್ಲಿ ಊರಿನ ಹೆಸರಿನ ಜಿಐ ಗುರುತು ಬಂತು, ಸಂಘ ಮಾಡ್ಕೊಂಡು ಅವರೇ ಗ್ರೇಡ್ ಮಾಡಿ ಸ್ಟಿಕ್ಕರ್ ಅಂಟಿಸಿ ಕೊಡ್ತಾರೆ. ಗ್ರೇಡ್ ಮಾಡುವ ಕೈ ಯಾರದ್ದು ಅಂತ ಅಷ್ಟೇ ನಾನು ಹೇಳುದು. ನಿಮ್ಮ ಕಡೆ ಹತ್ತು ಮನೆಯಾದ್ರೂ ತರಕಾರಿ ಮಾಡುವವರು ಇರ್ಲಿಕ್ಕಿಲ್ವಾ? ಎಲ್ಲರೂ ಒಂದೇ ವ್ಯಾನಿಗೆ ಬೇರೆ ಬೇರೆಯಾಗಿ ಕೊಡುದು ಯಾಕೆ ಅಂತ ಒಂದು ಸಲ ಕೂತು ಮಾತಾಡಿ.

ಇಷ್ಟಾದ್ರೂ ಆ ತಿಂಗಳ ಪ್ರಶ್ನೆಗೆ ಇದು ಉತ್ತರ ಅಲ್ಲ ಅಂತ ನಂಗೆ ಗೊತ್ತುಂಟು. ಅಕ್ಕಿಗೆ ಎಂತ ಮಾಡುದು? ಬಾಕಿಮಾರು ಹೋಯ್ತು, ಮೇಲಿನ ಮಜಲು ಗದ್ದೆ ಒಂದು ಉಂಟಲ್ಲಾ, ಬೆಳೆ ಮಾಡದೆ ಹಡಿಲು ಬಿದ್ದದ್ದು. ಅದರಲ್ಲಿ ಮಳೆಗಾಲದ ಏಣೆಲು ಭತ್ತ ಒಂದು ಬೆಳೆ ಬಂದ್ರೂ ಮನೆಯ ಕುಚಲಕ್ಕಿ ಕೆಲವು ತಿಂಗಳಿಗೆ ಬರ್ತದೆ. ಲೆಕ್ಕ ಹಾಕಿದ್ರೆ ನಷ್ಟವೇ, ಕೂಲಿ, ಟಿಲ್ಲರಿನ ಬಾಡಿಗೆ ಎಲ್ಲ ಸೇರಿದ್ರೆ ಅಂಗಡಿ ಅಕ್ಕಿಯೇ ಚೀಪ್ ಅಂತ ನೀನು ಹೇಳ್ತಿ. ನಾನೂ ಇಪ್ಪತ್ತೈದು ವರ್ಷ ಅದೇ ಹೇಳಿದೆ. ನಾಲ್ಕು ದಿನ ಗಾಡಿ ಬಾರದ್ದಕ್ಕೆ ಎಷ್ಟು ನಷ್ಟ ಅಂತ ಆ ಲೆಕ್ಕದಲ್ಲಿ ಎಲ್ಲಿಯೂ ಬರೆಯುದಿಲ್ಲ ನಾವು.

ಬರುವ ಬೇಸಗೆಗೆ ಸೌತೆ ಹಾಕ್ತೀಯಾ? ಮಾರ್ಲಿಕ್ಕೆ ಬೇಡ, ಮನೆಗೆ ಮತ್ತೆ ಆಚೀಚೆ ಮನೆಗೆ ಆಗುವಷ್ಟು. ಊರ ಬೀಜ ನನ್ನತ್ರ ಉಂಟು, ಬೂದಿ ಹಚ್ಚಿ ಡಬ್ಬಿಯಲ್ಲಿ ಹಾಕಿಟ್ಟದ್ದು, ಬರುವಾಗ ತರ್ತೇನೆ. ಅಮ್ಮನ ಹತ್ರ ಕೇಳ್ಬೇಡ, ಅವಳಿಗೆ ಕಾಲು ನೋವು, ನೀನೇ ಏಣಿ ಹಾಕಿ ಅಟ್ಟಕ್ಕೆ ಹತ್ತಿ ನೋಡು. ಅಡಿಗೆಕೋಣೆಯ ಮೇಲಿನ ಬದಿ, ಹೊಗೆ ಹೋಗ್ತಿದ್ದ ಕಡೆ, ಪಕ್ಕಾಸಿನಲ್ಲಿ ಸಾಲಾಗಿ ಹಗ್ಗ ಕಟ್ಟಿದ್ದು ಇತ್ತು. ಗೆದ್ದಲು ಹಿಡಿದಿದೆಯಾ, ಭಾರ ತಾಳ್ತದಾ, ನೋಡಿ ಬರಿ.

ನಿನ್ನ,
ದೊಡ್ಡಮ್ಮ