ಬೇರಿನ ತುದಿ ಮತ್ತು ನಿನ್ನ ಭಿನ್ನರಾಶಿ

ಗೆಳೆಯಾ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಸುಮ್ನೆ ಕೂತಿದ್ದೆ ಅಂದುಕೊಳ್ಳಬೇಡ, ದಿನಾ ಮನಸ್ಸಿನಲ್ಲೇ ಉತ್ತರ ಬರೆಯುತ್ತಿದ್ದೆ. "ಎರಡು ವರ್ಷದಿಂದ ಮಕ್ಕಳ ಭಿನ್ನರಾಶಿಯ ಅದೇ ಯೋಚನೆ ತಲೆಯಲ್ಲಿ ಕೂತಿದೆ, ಒಂದಿಂಚೂ ಮುಂದೆ ಹೋಗಿಲ್ಲ, ಇನ್ನು ಬಿಟ್ಟುಬಿಡ್ತೀನಿ" ಅಂತ ಬರೆದಿದ್ದೆಯಲ್ಲ, ಆ ಸಾಲು ಓದಿದಾಗಿನಿಂದ ನನಗೆ ಸಮಾಧಾನವೇ ಇಲ್ಲ. ಏನು ಹೇಳಬೇಕು ಅಂತ ತೋಚಿರಲಿಲ್ಲ. ಕೊನೆಗೆ ತೋಚಿದ್ದು ಮೇಜಿನ ಮೇಲಿದ್ದ ಒಂದು ಗಾಜಿನ ಲೋಟ ನೋಡುತ್ತಾ.

ಲೋಟದ ಒಳಗೋಡೆಗೆ ಒದ್ದೆ ಕಾಗದ ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ಒಂದು ಹುರುಳಿಕಾಯಿ ಬೀಜ ಸಿಕ್ಕಿಸಿ ಇಟ್ಟಿದ್ದೆ. ಚಿಕ್ಕವರಿದ್ದಾಗ ನಾವಿಬ್ಬರೂ ಮಾಡಿದ್ದೇ. ಆಗ ಎಲೆ ಯಾವಾಗ ಬರುತ್ತೆ ಅನ್ನೋದೊಂದೇ ಕಾತರ. ಈ ಸಲ ಬೇರನ್ನೇ ನೋಡುತ್ತಾ ಕೂತೆ. ಬೀಜ ಒಡೆದಾಗ ಮೊದಲು ಹೊರಗೆ ಬರೋದು ಅದೇ ಅಲ್ವಾ? ಬೆಳ್ಳಗೆ, ಮೊನಚಾಗಿ ಇಣುಕುತ್ತೆ, ಇಣುಕಿ ಸ್ವಲ್ಪ ಹೊತ್ತಿಗೆಲ್ಲ ಕೆಳಗೆ ಮುಖ ಮಾಡುತ್ತೆ.

ಬೇರು ಎರಡು ಬೆರಳಿನಗಲ ಉದ್ದವಾದಾಗ ಬೀಜವನ್ನು ಹಗೂರಕ್ಕೆ ತೆಗೆದು, ಸಣ್ಣ ಮೊನೆಯ ಪೆನ್ನಿನಿಂದ ತುದಿಯಿಂದ ಮೇಲಕ್ಕೆ ಮಿಲಿಮೀಟರಿಗೊಂದರಂತೆ ಹತ್ತು ಗೆರೆ ಹಾಕಿದೆ. ಇದು ನನಗೆ ಹೊಳೆದ ಉಪಾಯವೇನಲ್ಲ, 19ನೇ ಶತಮಾನದಲ್ಲೇ ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸ್ಯಾಕ್ಸ್ ಹೀಗೆ ಶಾಯಿ ಗುರುತು ಹಾಕಿ ಬೇರನ್ನು ಅಳೆದಿದ್ದರು. ಮಾರನೇ ದಿನ ನೋಡಿದರೆ ಮೇಲಿನ ಆರೇಳು ಗೆರೆ ಇದ್ದ ಹಾಗೇ ಇದ್ದವು, ನಡುವಿನ ಅಂತರ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ತುದಿಯ ಹತ್ತಿರದ ಎರಡು ಮೂರು ಗೆರೆ ಮಾತ್ರ ದೂರ ದೂರ ಸರಿದು, ಶಾಯಿ ಹಿಂಜಿದಂತೆ ಮಸುಕಾಗಿತ್ತು. ಒಂದು ದಿನದ ಬೆಳವಣಿಗೆಯೆಲ್ಲಾ ಅಷ್ಟೇ ಜಾಗದಲ್ಲಿ! ತುದಿಯಲ್ಲಿ ಜೀವಕೋಶಗಳು ಒಂದು ಎರಡಾಗುತ್ತಾ ಹೋಗುತ್ತವೆ, ಅವುಗಳ ಬೆನ್ನಿಗಿರುವ ಕೋಶಗಳು ನೀರು ಹೀರಿ ಉದ್ದವಾಗುತ್ತವೆ, ಆ ಒತ್ತಡವೇ ತುದಿಯನ್ನು ಮುಂದೆ ನೂಕುತ್ತೆ. ಅದರ ಮೇಲಿನ ಬೇರು ನೀರು ಸಾಗಿಸುತ್ತೆ, ಗಿಡವನ್ನು ಹಿಡಿದಿಡುತ್ತೆ, ಆದರೆ ಉದ್ದವಾಗೋದಿಲ್ಲ.

ನೀನು ಎರಡು ವರ್ಷದಿಂದ ಮೇಲಿನ ಗೆರೆಗಳನ್ನೇ ಅಳೆಯುತ್ತಿದ್ದೀಯ ಅನಿಸಿತು. ಅರ್ಧಕ್ಕೆ ಮೂರನೇ ಒಂದು ಕೂಡಿಸು ಅಂದರೆ ಮಕ್ಕಳು ಐದನೇ ಎರಡು ಅಂತ ಯಾಕೆ ಬರೆಯುತ್ತಾರೆ? ನಿನ್ನ ಮೊದಲ ಪ್ರಶ್ನೆ ಅದು, ಇವತ್ತಿಗೂ ಅದೇ. ಅದಕ್ಕೇ ನಿನಗೆ ಬೇಜಾರು. ಆದರೆ ಹಳೇ ಪತ್ರಗಳನ್ನು ತೆಗೆದು ನೋಡಿದೆ ಕಣೋ. ಮೊದಮೊದಲು ನೀನು ಕೇಳುತ್ತಿದ್ದದ್ದು ಆ ಲೆಕ್ಕವನ್ನು ಹೇಗೆ ಹೇಳಿಕೊಡಬೇಕು ಅಂತ. ಈಗ ಕೇಳುತ್ತಿರೋದು, ಮೇಲೊಂದು ಕೆಳಗೊಂದು ಬರೆದ ಎರಡು ಅಂಕಿಗಳು ಸೇರಿ ಒಂದೇ ಸಂಖ್ಯೆ ಅನ್ನೋದು ಮಗುವಿಗೆ ಯಾವ ಗಳಿಗೆಯಲ್ಲಿ ಕಾಣುತ್ತೆ ಅಂತ. ಇದೇನು ಸಣ್ಣ ದೂರವಾ?

ಆ ತುದಿ ಬಗ್ಗೆ ಇನ್ನೂ ಸ್ವಲ್ಪ ಹೇಳದೆ ಇರಲಾರೆ. ಅದಕ್ಕೊಂದು ಟೋಪಿ ಇದೆ. ಮಣ್ಣಿಗೆ ಉಜ್ಜಿ ಉಜ್ಜಿ ಟೋಪಿಯ ಹೊರಗಿನ ಕೋಶಗಳು ಉದುರುತ್ತಲೇ ಇರುತ್ತವೆ, ಒಳಗಿನಿಂದ ಹೊಸವು ಬರುತ್ತಲೇ ಇರುತ್ತವೆ, ಜೊತೆಗೆ ಲೋಳೆ ಬೇರೆ, ದಾರಿ ಜಾರಲಿ ಅಂತ. ಟೋಪಿಯ ನಡುವಿನ ಕೋಶಗಳಲ್ಲಿ ಪಿಷ್ಟದ ಭಾರದ ಕಣಗಳಿವೆ. ಬೇರನ್ನು ಅಡ್ಡ ಮಲಗಿಸಿದರೆ ಅವು ಸರಿದು ಹೊಸ ತಳಕ್ಕೆ ಬಂದು ಕೂರುತ್ತವೆ, ಕೆಳಗೆ ಯಾವುದು ಅಂತ ಬೇರಿಗೆ ತಿಳಿಯೋದು ಹಾಗೆ. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಜೊತೆ ಮಾಡಿ 1880ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತುದಿ ಕತ್ತರಿಸಿದ ಬೇರುಗಳೂ ಇದ್ದವು. ಅವು ಬೆಳೆಯುತ್ತಿದ್ದವು, ಆದರೆ ಕೆಳಕ್ಕೆ ಬಾಗುತ್ತಿರಲಿಲ್ಲ. ಕೆಲವು ದಿನ ಕಳೆದು ಹೊಸ ತುದಿ ಮೂಡಿದ ಮೇಲೆ ಮತ್ತೆ ಬಾಗಿದವು.

ನಾನೂ ಲೋಟವನ್ನು ಅಡ್ಡ ಮಲಗಿಸಿದೆ. ಸಂಜೆ ಹೊತ್ತಿಗೆ ತುದಿ ಕೆಳಗೆ ತಿರುಗಿತ್ತು. ಮಾರನೇ ದಿನ ಲೋಟ ನೆಟ್ಟಗೆ ಮಾಡಿದೆ, ತುದಿ ಮತ್ತೆ ತಿರುಗಿತು, ಆದರೆ ಹಳೇ ಬಾಗು ಹೋಗಲಿಲ್ಲ, ಮೊಣಕೈಯಂತೆ ಹಾಗೇ ಉಳಿದಿದೆ. ಮಣ್ಣಿನಲ್ಲಿ ಕಲ್ಲು ಅಡ್ಡ ಬಂದಾಗಲೂ ಬೇರು ಅದರ ಮೈ ಸವರಿಕೊಂಡು ಪಕ್ಕಕ್ಕೆ ಹೋಗಿ, ಕಲ್ಲು ದಾಟಿದ ಮೇಲೆ ಮತ್ತೆ ಕೆಳಗಿಳಿಯುತ್ತೆ. ನಿನಗೂ ಹಾಗೇ ಆಯಿತು. ಒಮ್ಮೆ ಒಂದು ಸಭೆಯಲ್ಲಿ ಒಬ್ಬರು ಎದ್ದು ನಿಂತು, "ಸೂತ್ರ ಬಾಯಿಪಾಠ ಮಾಡಿಸಿದರೆ ಮುಗೀತು, ಇದಕ್ಕೆಲ್ಲಾ ಯೋಚನೆ ಯಾಕೆ" ಅಂದಿದ್ದರಲ್ಲ, ಆಮೇಲೆ ನೀನು ಆರು ತಿಂಗಳು ಭಿನ್ನರಾಶಿ ಬಿಟ್ಟು ಮಕ್ಕಳು ಎಣಿಸೋದನ್ನು ಹೇಗೆ ಕಲಿಯುತ್ತಾರೆ ಅಂತ ಓದುತ್ತಾ ಹೋದೆ. ಆ ಆರು ತಿಂಗಳು ದಂಡವಾಯಿತು ಅಂತ ನೀನು ಅಂದುಕೊಂಡಿದ್ದೀಯ. ನನಗೆ ಅದು ಈ ಮೊಣಕೈಯ ಹಾಗೆ ಕಾಣುತ್ತೆ.

ಇನ್ನೊಂದು ಸಂಗತಿ. ಕಾಂಡದ ಕವಲು ಹೊರಮೈಯಲ್ಲಿರುವ ಮೊಗ್ಗಿನಿಂದ ಒಡೆಯುತ್ತೆ. ಬೇರಿನ ಕವಲು ಹಾಗಲ್ಲ. ಅದು ತುದಿಯಿಂದ ದೂರ, ಬೆಳೆದು ನಿಂತ ಭಾಗದ ಒಳಗೆ, ನೀರಿನ ನಾಳಗಳ ಪಕ್ಕದಲ್ಲೇ ಹುಟ್ಟಿ, ಮೇಲಿನ ಪದರಗಳನ್ನು ಸೀಳಿಕೊಂಡು ಹೊರಗೆ ಬರಬೇಕು. ಹತ್ತನೇ ದಿನ ಲೋಟದಲ್ಲಿ ಅದನ್ನು ಕಣ್ಣಾರೆ ಕಂಡೆ. ನಾನು ಬೆಳವಣಿಗೆ ನಿಂತಿತು ಅಂದುಕೊಂಡಿದ್ದ ಜಾಗದಲ್ಲೇ ಸಣ್ಣ ಉಬ್ಬು, ಮಾರನೇ ದಿನ ಅಲ್ಲೊಂದು ಸಣ್ಣ ಸೀಳು, ಸೀಳಿನಲ್ಲಿ ಬಿಳೀ ಚುಕ್ಕೆ. ಅದನ್ನು ನೋಡಿ ನಿನಗೆ ತಕ್ಷಣ ಫೋನ್ ಮಾಡೋಣ ಅನಿಸಿತು. ಹಳೇ ಯೋಚನೆಯನ್ನು ಯಾಕೆ ಬಿಡಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಮಾತು ನನ್ನ ಹತ್ತಿರ ಇಲ್ಲ.

ಬೇರುಕೂದಲ ವಿಷಯ ಹೇಳುವಾಗ ನನ್ನ ತಪ್ಪನ್ನೂ ಹೇಳಬೇಕು. ತುದಿಯಿಂದ ಸ್ವಲ್ಪ ಹಿಂದೆ ಬೇರಿನ ಮೈಮೇಲೆ ಬೂದಿ ಎರಚಿದಂತೆ ಕಾಣೋದೇ ಬೇರುಕೂದಲು. ಒಂದೊಂದು ಕೂದಲೂ ಒಂದೇ ಜೀವಕೋಶ, ಬಾಳಿಕೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಆದರೆ ಮಣ್ಣಿನ ಕಣಕಣಕ್ಕೂ ಅಂಟಿಕೊಂಡು ನೀರು ಎಳೆಯೋದರಲ್ಲಿ ಅವುಗಳದೇ ದೊಡ್ಡ ಪಾಲು. 1937ರಲ್ಲಿ ಅಮೆರಿಕದ ಹೊವರ್ಡ್ ಡಿಟ್ಮರ್ ಅನ್ನೋರು ಒಂದಡಿ ಅಗಲದ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆದ ಒಂದೇ ಒಂದು ರೈ (ಗೋಧಿಯಂಥ ಒಂದು ಧಾನ್ಯ) ಗಿಡದ ಬೇರುಗಳ ಲೆಕ್ಕ ತೆಗೆದರು. ಕವಲು, ಕವಲಿನ ಕವಲು ಎಲ್ಲಾ ಸೇರಿ 1 ಕೋಟಿ 30 ಲಕ್ಷಕ್ಕೂ ಜಾಸ್ತಿ ಬೇರು, ಒಟ್ಟು ಉದ್ದ 600 ಕಿಲೋಮೀಟರಿಗೂ ಹೆಚ್ಚು. ಬೇರುಕೂದಲಿನದು ಬೇರೆ ಲೆಕ್ಕ, ಸುಮಾರು 1,400 ಕೋಟಿ. ಮೇಲೆ ಕಾಣುತ್ತಿದ್ದದ್ದು ಒಂದು ಹುಲ್ಲಿನ ಬುಡ ಅಷ್ಟೇ.

ಗಿಡ ಕಿತ್ತಾಗ ನಮ್ಮ ಕೈಗೆ ಬರೋದು ದಪ್ಪ ಬೇರು, ಕೂದಲೆಲ್ಲಾ ಹರಿದು ಮಣ್ಣಿನಲ್ಲೇ ಉಳಿಯುತ್ತೆ. ಕಿತ್ತು ನೆಟ್ಟ ಗಿಡ ಎಷ್ಟು ನೀರು ಹಾಕಿದರೂ ಬಾಡೋದು ಅದಕ್ಕೇ. ನಾನು ನಿನಗೆ ಮಾಡುತ್ತಿದ್ದದ್ದೂ ಇದೇ. ಫೋನ್ ಮಾಡಿದಾಗಲೆಲ್ಲಾ "ಎಲ್ಲಿಗೆ ಬಂತು, ಒಂದೇ ಮಾತಲ್ಲಿ ಹೇಳು" ಅಂತ ಕೇಳುತ್ತಿದ್ದೆ. ಒಂದೇ ಮಾತಲ್ಲಿ ಹೇಳಲು ಹೋದಾಗಲೆಲ್ಲಾ ಆ ಮಗು ಹೀಗಂತು, ಈ ಹುಡುಗ ಅಲ್ಲಿ ತಡವರಿಸಿದ ಅನ್ನೋ ಸಣ್ಣ ಸಣ್ಣ ಸಂಗತಿಗಳನ್ನೆಲ್ಲಾ ನೀನು ಬಿಡಬೇಕಾಗುತ್ತಿತ್ತು. ಆಮೇಲೆ ಉಳಿದ ಒಂದು ಸಾಲು ನಿನಗೇ ಸಪ್ಪೆ ಅನಿಸುತ್ತಿತ್ತು. ಹೋದ ಮೂರು ಸಲ ಮಾತಾಡಿದಾಗ ನೀನು ಆ ವಿಷಯ ಎತ್ತಲೇ ಇಲ್ಲ, ನಾನೂ ಗಮನಿಸಲಿಲ್ಲ. ಪ್ರೀತಿಯಿಂದಲೇ ಕೇಳುತ್ತಿದ್ದೆ, ಆದರೂ ತಪ್ಪು ತಪ್ಪೇ. ಕ್ಷಮಿಸು.

ಹುರುಳಿಕಾಯಿ ಬಳ್ಳಿಯನ್ನು ಮೊನ್ನೆ ಒದ್ದೆ ಕಾಗದದ ಸಮೇತ ಮಣ್ಣಿಗಿಟ್ಟೆ. ಬೇರು ಕಾಗದಕ್ಕೆ ಹೆಣೆದುಕೊಂಡಿತ್ತು, ಬಿಡಿಸಲು ಮನಸ್ಸಾಗಲಿಲ್ಲ. ಒಂದು ದಿನ ತಲೆ ಬಗ್ಗಿಸಿತ್ತು, ಈಗ ನೆಟ್ಟಗಿದೆ.

ನೀನು ಒಮ್ಮೆ ಒಬ್ಬ ಹುಡುಗಿ ಬಗ್ಗೆ ಹೇಳಿದ್ದೆ, ಕಾಗದವನ್ನು ಎರಡಾಗಿ ಮಡಿಸಿ ಅರ್ಧ ತೋರಿಸಿದವಳು, ಮೂರನೇ ಒಂದು ತೋರಿಸು ಅಂದಾಗ ಸುಮ್ಮನೆ ಕಾಗದ ನೋಡುತ್ತಾ ಕೂತಳು ಅಂತ. ನಿನ್ನೆ ರಾತ್ರಿ ಅದು ನೆನಪಾಗಿ ನಾನೂ ಒಂದು ಕಾಗದ ತೆಗೆದುಕೊಂಡು ಮೂರು ಸಮಪಾಲಾಗಿ ಮಡಿಸಲು ಕೂತೆ. ಅರ್ಧಕ್ಕೆ ಅಂಚಿಗೆ ಅಂಚು ಸೇರಿಸಿದರೆ ಆಯಿತು, ಮೂರಕ್ಕೆ ಸೇರಿಸಲು ಅಂಚೇ ಇಲ್ಲ! ಮಡಚುತ್ತಾ, ಬಿಚ್ಚುತ್ತಾ, ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋಗಬೇಕು. ನಾಲ್ಕನೇ ಸಲಕ್ಕೆ ಹತ್ತಿರ ಬಂತು. ಆ ಹುಡುಗಿ ಆಮೇಲೆ ಏನು ಮಾಡಿದಳು? ನೀನು ಹೇಳಲೇ ಇಲ್ಲ.

ನಿನ್ನ ಗೆಳೆಯ