ಒಂಬತ್ತನೆಯ ತರಗತಿಯ ಪೋಷಕರಿಗೆ: ಮಾನವಿಕ ಪರಿಚಯ ಪಾಠದಲ್ಲಿ ಕಲೆಯನ್ನು ನೋಡುವುದು ಮತ್ತು ಮಾಡುವುದು

ತುಮಕೂರು

ಮಾನ್ಯ ಪೋಷಕರೇ,

ವಂದನೆಗಳು. ಈ ವರ್ಷ ಒಂಬತ್ತನೆಯ ತರಗತಿಗೆ ನಾವು ಆರಂಭಿಸಿರುವ ‘ಮಾನವಿಕ ಪರಿಚಯ’ ಪಾಠದಲ್ಲಿ ಕಲೆಯ ಭಾಗ ಶುರುವಾಗಿ ನಾಲ್ಕು ವಾರಗಳಾದವು. ಕಳೆದ ಪೋಷಕರ ಸಭೆ ಮುಗಿದ ಮೇಲೆ ಒಬ್ಬ ತಾಯಿ ನನ್ನ ಬಳಿಗೆ ಬಂದು, “ಮೇಡಂ, ಚರಿತ್ರೆಯಲ್ಲಿ ದೇವಸ್ಥಾನದ ಶಿಲ್ಪದ ಬಗ್ಗೆ ಓದಿದರೆ ಸಾಲದೇ, ಮಕ್ಕಳು ಮಣ್ಣು ಕಲಸಿ ಕೂರಲೂ ಬೇಕೇ? ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಇದೆಯಲ್ಲ?” ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅಂದು ನಿಂತ ನಿಲುವಿನಲ್ಲಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲವಾದ್ದರಿಂದ, ಅದನ್ನು ಎಲ್ಲ ಪೋಷಕರಿಗೂ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ವಾರ ನಾವು ಮಕ್ಕಳಿಗೆ ಹೇಳಿದ್ದು ಇಷ್ಟೇ: ಎಡಗೈಯನ್ನು ಮೇಜಿನ ಮೇಲಿಟ್ಟು, ಅದನ್ನು ನೋಡುತ್ತ ಬಲಗೈಯಿಂದ ಬಿಡಿಸಿ. ಹತ್ತು ನಿಮಿಷದಲ್ಲಿ ಎಲ್ಲರೂ ಮುಗಿಸಿದರು. ಬಹುಪಾಲು ಹಾಳೆಗಳಲ್ಲಿ ಒಂದೇ ಬಗೆಯ ಕೈ ಇತ್ತು: ಒಂದು ಅಂಗೈ, ಅದಕ್ಕೆ ಅಂಟಿಸಿದಂತೆ ಐದು ನೇರ ಬೆರಳು, ಪ್ರತಿ ಬೆರಳಿಗೂ ಒಂದು ದುಂಡನೆಯ ಉಗುರು. ಅದು ಯಾರ ಕೈಯೂ ಆಗಿರಲಿಲ್ಲ. ‘ಕೈ’ ಎಂಬ ಪದವನ್ನು ಕೇಳಿದಾಗ ಮನಸ್ಸಿನಲ್ಲಿ ಮೂಡುವ ಗುರುತು ಅದು. ಮುಂದಿನ ಅವಧಿಯಲ್ಲಿ ಚಿತ್ರಕಲಾ ಶಿಕ್ಷಕರು ಪೆನ್ಸಿಲನ್ನು ಕೆಳಗಿಡಿಸಿ, ಹತ್ತು ನಿಮಿಷ ಮಾತಿಲ್ಲದೆ ಕೈಯನ್ನು ನೋಡಿ ಎಂದರು. ಗೆಣ್ಣುಗಳು ಒಂದೇ ಸಾಲಿನಲ್ಲಿಲ್ಲ, ಹೆಬ್ಬೆರಳು ಉಳಿದ ಬೆರಳುಗಳ ಹಾಗೆ ಎದುರಿಗೆ ಮುಖ ಮಾಡಿಲ್ಲ, ಎರಡು ಬೆರಳುಗಳ ನಡುವಿನ ಖಾಲಿ ಜಾಗಕ್ಕೂ ಒಂದು ಆಕಾರವಿದೆ ಎಂಬುದನ್ನು ಮಕ್ಕಳು ತಾವಾಗಿಯೇ ಹೇಳತೊಡಗಿದರು. ಎರಡನೆಯ ಚಿತ್ರಗಳು ಮೊದಲಿನವುಗಳಷ್ಟು ನೀಟಾಗಿರಲಿಲ್ಲ, ಅಳಿಸಿ ತಿದ್ದಿದ ಗೆರೆಗಳು ತುಂಬಿದ್ದವು. ಆದರೆ ಯಾವ ಹಾಳೆ ಯಾರದೆಂದು ಆ ಕೈಗಳನ್ನು ನೋಡಿಯೇ ಹೇಳಬಹುದಿತ್ತು. ತಿಳಿದಿದ್ದೇವೆ ಎಂದುಕೊಂಡಿದ್ದಕ್ಕೂ ಕಣ್ಣೆದುರು ಇರುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ನಾನು ಭಾಷಣದಲ್ಲಿ ಹೇಳಿದ್ದರೆ ಒಬ್ಬ ವಿದ್ಯಾರ್ಥಿಗೂ ನಾಟುತ್ತಿರಲಿಲ್ಲ. ಬಿಡಿಸಲು ಹೋಗಿ ಸೋತದ್ದರಿಂದ ಅದು ಅವರಿಗೆ ತಿಳಿಯಿತು.

ಕೈಯಿಂದಲೇ ಆರಂಭಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಊರಿನಿಂದ ಕುಣಿಗಲ್ ರಸ್ತೆಯಲ್ಲಿ ಹೋದರೆ ಗೂಳೂರು, ಅದರ ಮಗ್ಗುಲಲ್ಲಿ ಕೈದಾಳ. ಜಕಣಾಚಾರಿಯ ಕಥೆಯನ್ನು ತಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೀರಿ: ಬೇಲೂರಿನಲ್ಲಿ ಅವನು ಕಡೆದ ಚೆನ್ನಿಗರಾಯನ ವಿಗ್ರಹದಲ್ಲಿ ದೋಷವಿದೆ ಎಂದು ಊರು ಪರಿಚಯವಿಲ್ಲದ ಹುಡುಗನೊಬ್ಬ ಹೇಳಿದ್ದು, ವಿಗ್ರಹಕ್ಕೆ ಗಂಧ ಬಳಿದಾಗ ಹೊಕ್ಕುಳಿನ ಬಳಿ ಮಾತ್ರ ಒಣಗದೆ ಉಳಿದದ್ದು, ಅಲ್ಲಿ ಉಳಿಯಿಟ್ಟಾಗ ಕಪ್ಪೆ ಹೊರಬಂದದ್ದು, ಶಿಲ್ಪಿ ತನ್ನ ಬಲಗೈಯನ್ನು ಕಡಿದುಕೊಂಡದ್ದು, ಆ ಹುಡುಗ ತನ್ನ ಮಗನೇ ಎಂದು ತಿಳಿದದ್ದು, ಕೊನೆಗೆ ಹುಟ್ಟೂರಿನಲ್ಲಿ ಚೆನ್ನಕೇಶವನನ್ನು ಕಡೆದಾಗ ಕೈ ಮರಳಿ ಬಂದು ಊರಿಗೆ ಕೈದಾಳ ಎಂಬ ಹೆಸರಾದದ್ದು. ಈ ಕಥೆಯನ್ನು ನಾವು ತರಗತಿಯಲ್ಲಿ ಪೂರ್ತಿಯಾಗಿ, ಅದರ ಸೊಗಸು ಕೆಡದಂತೆ ಹೇಳಿದೆವು. ಬಳಿಕ ಶಾಸನಗಳತ್ತ ತಿರುಗಿದೆವು. ಹೊಯ್ಸಳ ದೇವಾಲಯಗಳ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನ ಮೇಲೆ ಕೊರೆಯುತ್ತಿದ್ದರು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳಿವೆ. ಮುಂದಿನ ಶತಮಾನದಲ್ಲಿ ಮಲ್ಲಿತಮ್ಮನ ಹೆಸರು ಹಲವು ಊರುಗಳಲ್ಲಿ ಕಾಣುತ್ತದೆ. ಜಕಣಾಚಾರಿ ಎಂಬ ಹೆಸರು ಮಾತ್ರ ಹೀಗೆ ಶಿಲ್ಪಿಯ ಸಹಿಯಾಗಿ ಸಿಗುವುದಿಲ್ಲ. ಕೈದಾಳದ ಗುಡಿಗಳನ್ನು ಕಟ್ಟಿಸಿದವನೆಂದು ಶಾಸನಗಳು ಹೇಳುವುದು ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾಗಿದ್ದ ಬಾಚಿ ಎಂಬುವನನ್ನು.

“ಹಾಗಾದರೆ ಕಥೆ ಸುಳ್ಳೇ?” ಎಂದು ಮಕ್ಕಳು ಕೇಳಿದರು, ಒಬ್ಬಿಬ್ಬರು ಸ್ವಲ್ಪ ನೊಂದುಕೊಂಡೇ ಕೇಳಿದರು. ಮಾನವಿಕ ವಿಷಯಗಳ ಅಭ್ಯಾಸ ನಿಜವಾಗಿ ಆರಂಭವಾಗುವುದು ಈ ಪ್ರಶ್ನೆಯಿಂದ ಎಂದು ನಾನು ನಂಬಿದ್ದೇನೆ. ಶಾಸನಕ್ಕೆ ಯಾವುದನ್ನು ಕೇಳಬೇಕು, ಐತಿಹ್ಯಕ್ಕೆ ಯಾವುದನ್ನು ಕೇಳಬೇಕು ಎಂಬ ವಿವೇಕ ಬರಬೇಕಾದರೆ ಎರಡನ್ನೂ ಗೌರವದಿಂದ ಎದುರಿಗಿಟ್ಟುಕೊಳ್ಳಬೇಕು. ಗುಡಿ ಯಾವಾಗ, ಯಾರ ಆಶ್ರಯದಲ್ಲಿ ಎದ್ದಿತು ಎಂಬುದನ್ನು ಶಾಸನ ಹೇಳುತ್ತದೆ. ಕಲ್ಲು ಕಡೆಯುವವನ ಕೈಯನ್ನು ಈ ಸೀಮೆಯ ಜನ ಎಷ್ಟು ದೊಡ್ಡದೆಂದು ತಿಳಿದಿದ್ದರು, ಒಣಗದೆ ಉಳಿದ ಒಂದು ತೇವದ ಕಲೆಯನ್ನು ಗಮನಿಸುವ ಕಣ್ಣಿಗೆ ಎಂಥ ಬೆಲೆ ಕೊಟ್ಟಿದ್ದರು ಎಂಬುದನ್ನು ಕಥೆ ಹೇಳುತ್ತದೆ. ಇದನ್ನು ಮಕ್ಕಳು ತಮ್ಮ ಮಾತಿನಲ್ಲಿ ಒಂದು ಪುಟ ಬರೆದಿದ್ದಾರೆ. ದಯವಿಟ್ಟು ಅವರ ಟಿಪ್ಪಣಿ ಪುಸ್ತಕವನ್ನು ತೆಗೆಸಿ ಓದಿ.

ಮೂರನೆಯ ವಾರ ಪ್ರತಿಯೊಬ್ಬರಿಗೂ ಒಂದು ಬಟ್ಟೆ ಸೋಪನ್ನೂ ಒಂದು ಹಳೆಯ ಚಮಚವನ್ನೂ ಕೊಟ್ಟು ಎಲೆಯೊಂದನ್ನು ಕೆತ್ತಲು ಹೇಳಿದೆವು. ಕಲ್ಲಿನ ಕೆಲಸವೆಂದರೆ ತೆಗೆಯುತ್ತ ಹೋಗುವ ಕೆಲಸ. ಒಮ್ಮೆ ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಸೋಪಿನಲ್ಲಿ ಎಲೆಯ ತುದಿ ಮುರಿದಾಗ ಕೆಲವರು ಚಿತ್ರವನ್ನೇ ಬದಲಿಸಿಕೊಂಡು ಚಿಕ್ಕ ಎಲೆ ಮಾಡಿದರು, ಕೆಲವರು ಹೊಸ ಸೋಪು ಕೇಳಿದರು. ನಾವು ಕೊಡಲಿಲ್ಲ. ಹೊಯ್ಸಳರ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ, ಆದ್ದರಿಂದಲೇ ಅಷ್ಟು ಸೂಕ್ಷ್ಮವಾದ ಸರಗಳನ್ನೂ ಜಡೆಗಳನ್ನೂ ಕೆತ್ತುವುದು ಸಾಧ್ಯವಾಯಿತು ಎಂಬ ಮಾತನ್ನು ಸೋಪು ಕೆತ್ತಿದ ಮರುದಿನ ಹೇಳಿದಾಗ ತರಗತಿ ಕೇಳಿಸಿಕೊಂಡ ರೀತಿಯೇ ಬೇರೆಯಾಗಿತ್ತು. ಇದೇ ವಾಕ್ಯವನ್ನು ನಾನು ಹಲವು ವರ್ಷ ಚರಿತ್ರೆಯ ಪಾಠದಲ್ಲಿ ಬರೆಸಿದ್ದೇನೆ. ಮಕ್ಕಳು ಬರೆದುಕೊಂಡಿದ್ದರು, ಅಷ್ಟೇ.

ಈಗ ಮಣ್ಣಿನ ಕೆಲಸ ಬರುತ್ತಿದೆ, ಮತ್ತು ಈ ಹೊತ್ತು ಅದಕ್ಕೆ ಬಹಳ ಅನುಕೂಲವಾಗಿದೆ. ಗೂಳೂರಿನಲ್ಲಿ ಭಾದ್ರಪದದ ಚೌತಿಯಂದು ಮಣ್ಣಿನ ಕೆಲಸಕ್ಕೆ ಕೈಹಾಕಿ, ದೀಪಾವಳಿಯ ಬಲಿಪಾಡ್ಯಮಿಯ ವೇಳೆಗೆ ಮಹಾಗಣಪತಿಯ ಆಳೆತ್ತರವನ್ನೂ ಮೀರಿದ ಮೂರ್ತಿಯನ್ನು ಪೂರ್ಣಗೊಳಿಸುತ್ತಾರೆ. ಕಾರ್ತಿಕ ಮಾಸದಲ್ಲಿ ಪೂಜೆ ನಡೆದು, ಆಮೇಲೆ ಊರಿನ ಕೆರೆಯಲ್ಲಿ ವಿಸರ್ಜನೆಯಾಗುತ್ತದೆ. ಎಂಟುನೂರು ವರ್ಷ ದಾಟಿದ ಕಲ್ಲಿನ ಗುಡಿ ಒಂದು ಕಡೆ, ಪ್ರತಿ ವರ್ಷ ನೀರಿಗೆ ಹೋಗಿ ಮರುವರ್ಷ ಮತ್ತೆ ಏಳುವ ಮಣ್ಣಿನ ಮೂರ್ತಿ ಇನ್ನೊಂದು ಕಡೆ, ಎರಡೂ ನೆರೆಯೂರುಗಳಲ್ಲಿ. ಉಳಿಯಲೆಂದು ಮಾಡುವುದಕ್ಕೂ ಕರಗಲೆಂದೇ ಮಾಡುವುದಕ್ಕೂ ಕೆಲಸದ ಶ್ರದ್ಧೆಯಲ್ಲಿ ವ್ಯತ್ಯಾಸವಿದೆಯೇ ಎಂಬುದನ್ನು ಮಕ್ಕಳು ಅಲ್ಲಿಯೇ ನಿಂತು ಯೋಚಿಸಲಿ ಎಂಬುದು ನಮ್ಮ ಬಯಕೆ. ಈ ಕಾರಣಕ್ಕೆ ಗೂಳೂರಿಗೆ ಎರಡು ಸಲ ಹೋಗುತ್ತೇವೆ. ಒಮ್ಮೆ ಮೂರ್ತಿ ಇನ್ನೂ ಅರ್ಧದಲ್ಲಿರುವಾಗ, ಅನುಮತಿ ಪಡೆದು, ಒಳಗಿನ ಆಧಾರವನ್ನು ಹೇಗೆ ಕಟ್ಟಿದ್ದಾರೆ ಎಂದು ಕೇಳಿ ಬರೆದುಕೊಳ್ಳಲು. ಇನ್ನೊಮ್ಮೆ ಬಲಿಪಾಡ್ಯಮಿ ಕಳೆದ ಮೊದಲ ಶನಿವಾರ.

ಶಾಲೆಯಲ್ಲಿ ಮಕ್ಕಳು ಜೇಡಿಮಣ್ಣನ್ನು ಸೋಸಿ, ನೆನೆಸಿ, ಗಾಳಿಯ ಗುಳ್ಳೆ ಉಳಿಯದಂತೆ ನಾದಿ ಹದ ಮಾಡುತ್ತಾರೆ. ಮಣ್ಣು ಒಣಗುವಾಗ ನೀರು ಹೋದಷ್ಟೂ ಕುಗ್ಗುತ್ತದೆ. ತೆಳ್ಳಗಿನ ಭಾಗ ದಪ್ಪ ಭಾಗಕ್ಕಿಂತ ಬೇಗ ಒಣಗಿ ಕುಗ್ಗುವುದರಿಂದ ಎರಡೂ ಸೇರುವ ಜಾಗದಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಬೆಸೆಯುವ ಎರಡೂ ಕಡೆ ಗೀರು ಹಾಕಿ, ತೆಳುವಾಗಿ ಕಲಸಿದ ಮಣ್ಣನ್ನು ಸವರಿ ಒತ್ತಬೇಕು, ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಒಳಗೆ ತೇವ ಉಳಿದಿರುವಾಗಲೇ ಸುಟ್ಟರೆ ಆ ತೇವ ಆವಿಯಾಗಿ ಮಡಕೆಯನ್ನು ಒಡೆಯುತ್ತದೆ. ಇದರಲ್ಲಿ ವಿಜ್ಞಾನವೂ ಇದೆ, ತಾಳ್ಮೆಯೂ ಇದೆ. ಕುಂಬಾರಿಕೆಯ ಮನೆಗಳಲ್ಲಿ ಇದನ್ನು ಅಕ್ಷರದ ನೆರವಿಲ್ಲದೆ ತಲೆಮಾರುಗಳಿಂದ ಕಲಿಸುತ್ತ ಬಂದಿದ್ದಾರೆ. ಪೋಷಕರಲ್ಲಿ ಯಾರಿಗಾದರೂ ಈ ಕಸುಬಿನ ಪರಿಚಯವಿದ್ದರೆ ಒಂದು ದಿನ ತರಗತಿಗೆ ಬಂದು ಕಲಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಚುಕ್ಕಿ ರಂಗೋಲೆಯಲ್ಲಿ ಪಳಗಿದ ಅಜ್ಜಿಯರಿಗೂ ಇದೇ ಆಹ್ವಾನ: ಎಷ್ಟು ಚುಕ್ಕಿ, ಯಾವ ಸಾಲಿನಿಂದ ಇಳಿಸಬೇಕು, ಗೆರೆ ಎಲ್ಲಿಯೂ ತುಂಡಾಗದಂತೆ ಹೇಗೆ ಸುತ್ತಬೇಕು ಎಂಬ ಲೆಕ್ಕವನ್ನು ಅವರಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಹೇಳಲಾರರು.

ನವೆಂಬರಿನ ನಂತರ ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೂ ಶಿರಾಕ್ಕೂ ಒಂದೊಂದು ದಿನದ ಪ್ರವಾಸವಿದೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ನರ್ತಿಸುವ ಶಿವನಿದ್ದಾನೆ. ಅದು ಹೊಯ್ಸಳರಿಗಿಂತಲೂ ಹಿಂದಿನದು, 9ನೆಯ ಶತಮಾನದ ಕೆಲಸ. ಶಿರಾದಲ್ಲಿ ಅಲ್ಲಿನ ಸುಬೇದಾರನಾಗಿದ್ದ ಮಲಿಕ್ ರಿಹಾನನ ಗೋರಿಯನ್ನೂ 1696ರ ಜುಮ್ಮಾ ಮಸೀದಿಯನ್ನೂ ನೋಡಿ, ಕಮಾನು ಮತ್ತು ಗುಮ್ಮಟಗಳನ್ನು ಬಿಡಿಸುತ್ತಾರೆ.

ಒಂದು ಸೂಕ್ಷ್ಮ ವಿಚಾರವನ್ನು ಮುಚ್ಚಿಡದೆ ಹೇಳುತ್ತೇನೆ. ನಾವು ಹೋಗುವ ಸ್ಥಳಗಳಲ್ಲಿ ಹೆಚ್ಚಿನವು ಪೂಜೆಯ, ಪ್ರಾರ್ಥನೆಯ ಸ್ಥಳಗಳು. ಮಕ್ಕಳು ಅಲ್ಲಿ ಆಯಾ ಜಾಗದ ಮರ್ಯಾದೆಗೆ ತಕ್ಕಂತೆ ನಡೆದುಕೊಳ್ಳುತ್ತಾರೆ. ಪೂಜೆಯಲ್ಲಿ ಭಾಗವಹಿಸುವುದು ಬಿಡುವುದು ಅವರವರ ಮನೆಯ ರೂಢಿಗೆ ಬಿಟ್ಟದ್ದು, ಶಾಲೆ ಯಾರನ್ನೂ ಒತ್ತಾಯಿಸುವುದಿಲ್ಲ, ತಡೆಯುವುದೂ ಇಲ್ಲ. ಮಣ್ಣಿನಲ್ಲಿ ದೇವರ ಅಥವಾ ಮನುಷ್ಯರ ರೂಪವನ್ನು ಮಾಡುವುದು ಬೇಡವೆನ್ನುವ ಮನೆಗಳ ಮಕ್ಕಳು ಕೊಡವನ್ನೋ, ತೆಂಗಿನ ಗರಿಯನ್ನೋ, ಜಾಲಂಧ್ರದ (ಕಲ್ಲಿನ ಜಾಲರಿ ಕಿಟಕಿಯ) ವಿನ್ಯಾಸವನ್ನೋ ಮಾಡಬಹುದು. ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಇನ್ನು ಅಂಕಗಳ ಮಾತು. ಈ ಪಾಠದಿಂದ ಎಸ್ಸೆಸ್ಸೆಲ್ಸಿಯಲ್ಲಿ ನೇರವಾಗಿ ಒಂದು ಅಂಕವೂ ಹೆಚ್ಚಾಗುವುದಿಲ್ಲ, ಇದು ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳ ತಯಾರಿಯೂ ಅಲ್ಲ. ಇದಕ್ಕಾಗಿ ವಾರಕ್ಕೆ ಎರಡೇ ಅವಧಿ ತೆಗೆದಿದ್ದೇವೆ, ಗಣಿತ ಮತ್ತು ವಿಜ್ಞಾನದ ಒಂದು ಅವಧಿಯನ್ನೂ ಕಡಿಮೆ ಮಾಡಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷಗಳಲ್ಲಿ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಚಿತ್ರಕಲೆಯ ಅವಧಿಯನ್ನು ನನ್ನ ಪಾಠಕ್ಕೆ ಕೇಳಿ ಪಡೆಯುತ್ತಿದ್ದೆ. ಅದರಿಂದ ಫಲಿತಾಂಶ ಸುಧಾರಿಸಿದ್ದನ್ನು ನಾನು ಕಾಣಲಿಲ್ಲ. ಆ ಮಕ್ಕಳಿಂದ ಏನನ್ನು ಕಿತ್ತುಕೊಂಡೆ ಎಂಬುದು ಈಗ ಇವರು ಕೆಲಸ ಮಾಡುವುದನ್ನು ನೋಡುವಾಗ ಅರ್ಥವಾಗುತ್ತಿದೆ. ಆ ತಪ್ಪು ಈ ಶಾಲೆಯಲ್ಲಿ ಮತ್ತೆ ಆಗಲು ನಾನು ಬಿಡುವುದಿಲ್ಲ.

ಚಿತ್ರ ಅಂದವಾಗಿದೆಯೇ ಎಂದು ನೋಡಿ ನಾವು ದರ್ಜೆ ಕೊಡುವುದಿಲ್ಲ. ಮೊದಲ ಪ್ರಯತ್ನಕ್ಕೂ ಮೂರನೆಯ ಪ್ರಯತ್ನಕ್ಕೂ ನಡುವೆ ಏನು ಬದಲಾಯಿತು, ಏಕೆ ಬದಲಿಸಿದರು, ನೋಡಿದ್ದನ್ನು ಸ್ಪಷ್ಟವಾದ ಕನ್ನಡದಲ್ಲಿ ಬರೆದಿದ್ದಾರೆಯೇ ಎಂಬುದನ್ನು ನೋಡುತ್ತೇವೆ. ಹೀಗಾಗಿ ತಮ್ಮಲ್ಲಿ ನನ್ನ ಮುಖ್ಯ ಕೋರಿಕೆಯೇನೆಂದರೆ, ಮಕ್ಕಳ ಕೆಲಸವನ್ನು ಮನೆಯಲ್ಲಿ ದೊಡ್ಡವರು ತಿದ್ದಿಕೊಡಬೇಡಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಥರ್ಮೋಕೋಲ್ ಮಾದರಿಗಳನ್ನೂ ಮೊಬೈಲಿನ ಪರದೆಯ ಮೇಲೆ ಹಾಳೆಯಿಟ್ಟು ತೆಗೆದ ನಕಲುಗಳನ್ನೂ ನಾವು ಸ್ವೀಕರಿಸುವುದಿಲ್ಲ. ಸೊಟ್ಟಗಿರುವ ಹಸುವನ್ನು ಕಂಡು ದಯವಿಟ್ಟು ನಗಬೇಡಿ. ಈ ವಯಸ್ಸಿನಲ್ಲಿ ಒಂದು ನಗೆಗೆ ಪೆನ್ಸಿಲನ್ನು ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳುವುದು ಕಷ್ಟ. ‘ಚೆನ್ನಾಗಿದೆ’ ಎಂದು ಹೇಳಿ ಮುಗಿಸುವ ಬದಲು, “ಇದನ್ನು ಎಲ್ಲಿ ನೋಡಿದೆ, ಕೊಂಬು ಹೀಗೆಯೇ ಇತ್ತೇ?” ಎಂದು ಕೇಳಿ. ಅಷ್ಟು ಕೇಳಿದರೆ ಅವರು ಮತ್ತೆ ಹೋಗಿ ನೋಡಿಕೊಂಡು ಬರುತ್ತಾರೆ.

ಮಣ್ಣಿನ ಕೆಲಸದ ದಿನಗಳಲ್ಲಿ ಸಮವಸ್ತ್ರದ ಮೇಲೆ ಹಾಕಿಕೊಳ್ಳಲು ಮನೆಯ ಹಳೆಯ ಅಂಗಿಯೊಂದನ್ನು ಕಳುಹಿಸಿ. ಮಣ್ಣು, ಹಾಳೆ, ಇದ್ದಿಲುಗಳನ್ನು ಶಾಲೆಯೇ ಒದಗಿಸುತ್ತದೆ, ಪ್ರತ್ಯೇಕ ಶುಲ್ಕವಿಲ್ಲ. ಚರ್ಮದ ತೊಂದರೆ ಅಥವಾ ಧೂಳಿನ ಅಲರ್ಜಿ ಇದ್ದರೆ ತರಗತಿ ಶಿಕ್ಷಕರಿಗೆ ಮೊದಲೇ ತಿಳಿಸಿ. ಗೂಳೂರು ಮತ್ತು ಕೈದಾಳದ ಮೊದಲ ಭೇಟಿಗೆ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಹಿಂದಿರುಗುತ್ತೇವೆ. ಇದರೊಂದಿಗಿರುವ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಬರುವ ಶುಕ್ರವಾರದೊಳಗೆ ಕಳುಹಿಸಿಕೊಡಬೇಕಾಗಿ ವಿನಂತಿ. ನಮ್ಮೊಡನೆ ಬರಲು ಬಿಡುವಿರುವ ಪೋಷಕರು ಚೀಟಿಯ ಹಿಂಬದಿಯಲ್ಲಿ ಹಾಗೆಂದು ಬರೆಯಿರಿ. ತಮಗೂ ಒಂದು ಹಾಳೆ ಮತ್ತು ಪೆನ್ಸಿಲನ್ನು ತೆಗೆದಿಟ್ಟಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ