ಸರ್ವರ್ ಅಂಕಿಗಳನ್ನು ಗುಂಪಿಗೆ ಹಾಕುವ ಮುನ್ನ

ಗೆಳೆಯರೇ, ಸರ್ವರ್ ಹೇಗಿದೆ ಎಂದು ತೋರಿಸಲು ದಯವಿಟ್ಟು ಟರ್ಮಿನಲ್‌ನ (ಕಮಾಂಡ್ ಟೈಪ್ ಮಾಡುವ ಪರದೆಯ) ಫೋಟೊ ಹಾಕಬೇಡಿ. ವೈಟ್‌ಫೀಲ್ಡ್ ಮೆಟ್ರೋದಲ್ಲಿ ನಿಂತು ಫೋನಿನಲ್ಲಿ ನೋಡುವವರಿಗೆ ಅಂಕಿಗಳು ಕಾಣುವುದಿಲ್ಲ, ಆಮೇಲೆ ಹುಡುಕಲೂ ಆಗುವುದಿಲ್ಲ. ಔಟ್‌ಪುಟ್ ಅನ್ನು ಅಕ್ಷರಗಳಾಗಿಯೇ ಕಾಪಿ ಮಾಡಿ ಹಾಕಿ. ಕಾಲಂಗಳ ತಲೆಬರಹವೂ ಇರಲಿ.

ಸಿಪಿಯು, ಮೆಮೊರಿ, ಡಿಸ್ಕ್ ಎಷ್ಟು ಬಳಕೆಯಲ್ಲಿವೆ ಎಂದು ಹೇಳುವ ವಿಎಂಸ್ಟ್ಯಾಟ್ (vmstat) ಕಮಾಂಡ್ ತೋರಿಸುವ ಮೊದಲ ಸಾಲಿನ ಸಿಪಿಯು, ಡಿಸ್ಕ್ ಅಂಕಿಗಳು ಈ ಕ್ಷಣದ್ದಲ್ಲ, ಸರ್ವರ್ ಬೂಟ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ರಾತ್ರಿಯೆಲ್ಲ ಸುಮ್ನೆ ಕೂತಿದ್ದ ಸರ್ವರ್ ಈಗ ಒದ್ದಾಡುತ್ತಿದ್ದರೂ ಆ ಅಂಕಿಗಳಲ್ಲಿ ಆರಾಮಾಗಿಯೇ ಕಾಣುತ್ತದೆ. ಅದಕ್ಕೇ ‘vmstat 1 5’ ಎಂದು ಕೊಡಿ (ಸೆಕೆಂಡಿಗೊಮ್ಮೆ, ಐದು ಸಲ), ಅಂಕಿಗಳ ಎರಡನೇ ಸಾಲಿನಿಂದ ಓದಿ. ಡಿಸ್ಕ್ ಬಳಕೆ ತೋರಿಸುವ ಐಒಸ್ಟ್ಯಾಟ್‌ಗೂ (iostat) ಇದೇ ಮಾತು, ಅಲ್ಲಿ ಎರಡನೇ ವರದಿಯಿಂದ ಓದಿ.

ಮೆಮೊರಿ ಲೆಕ್ಕ ಕೊಡುವ ಫ್ರೀ (free) ಕಮಾಂಡಿನಲ್ಲಿ ‘ಅವೈಲಬಲ್’ (available) ಕಾಲಂ ಮುಖ್ಯ, ಹೊಸ ಪ್ರೋಗ್ರಾಂಗಳಿಗೆ ಸುಮಾರು ಎಷ್ಟು ಮೆಮೊರಿ ಸಿಗುತ್ತದೆ ಎಂದು ಅದು ಹೇಳುತ್ತದೆ. ಲಿನಕ್ಸ್ ಖಾಲಿ ಮೆಮೊರಿಯನ್ನು ಕ್ಯಾಶ್‌ಗೆ (ಡಿಸ್ಕಿನಿಂದ ಓದಿದ್ದನ್ನು ಕೈಗೆಟಕುವಂತೆ ಇಟ್ಟುಕೊಳ್ಳಲು) ಬಳಸಿಕೊಳ್ಳುತ್ತದೆ ಅಲ್ವಾ, ‘ಫ್ರೀ’ ಕಾಲಂನಲ್ಲಿ ಕಡಿಮೆ ಕಂಡರೆ ಗಾಬರಿ ಬೇಡ.

ಕಳಿಸುವ ಮುನ್ನ ಐಪಿ ವಿಳಾಸ, ಪಾಸ್‌ವರ್ಡ್ ಖಂಡಿತ ಅಳಿಸಿ.